ಯಾರು ಅಂದರು ಸರ್?

12 ಜೂನ್ 2024, ಬುಧವಾರ

ಸಂಜೆ ಪುಟ ಕಟ್ಟುವ ಹೊತ್ತಿಗೆ ಅವರು ಬಂದರು. ಕೈಯಲ್ಲಿ ನಮ್ಮ ನಿನ್ನೆಯ ಪೇಪರ್. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ.

"ನನ್ನ ಮಗ ಸ್ಪೀಡಾಗಿ ಹೋಗ್ತಿರಲಿಲ್ಲ ಸರ್. ಗಾಡಿ ಸೈಡಿಗೆ ಹಾಕಿ ಅವರಮ್ಮನ ಹತ್ರ ಫೋನಲ್ಲಿ ಮಾತಾಡ್ತಾ ನಿಂತಿದ್ದ. ಅವಳಿಗೆ ಎಲ್ಲ ಕೇಳಿಸಿದೆ."

ಆ ಹುಡುಗನ ಸಾವಿನ ಬಗ್ಗೆ ನಾವು ಹಾಕಿದ್ದು ಐದೇ ಸಾಲು. ಕೊನೆಯ ಸಾಲು, 'ಅತಿ ವೇಗವೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.' ಅವರು ಅಲ್ಲಿ ಬೆರಳಿಟ್ಟರು. "ಎನ್ನಲಾಗಿದೆ ಅಂದರೆ, ಯಾರು ಅಂದರು ಸರ್?"

ಯಾರೂ ಅಂದಿರಲಿಲ್ಲ. ಬಂದ ಪ್ರೆಸ್ ನೋಟನ್ನು ಹಾಗೇ ಇಳಿಸಿದ್ದೆ. ಅವರ ಮನೆ ನಮ್ಮ ಆಫೀಸಿನಿಂದ ಎರಡೇ ಬೀದಿ ಆಚೆ. ಹೋಗಿ ಕೇಳಬಹುದಿತ್ತು.

ಊಟ ಸೇರಲಿಲ್ಲ. ಹೊರಗೆ ಒಳ್ಳೆ ಮಳೆ. ಈ ವರ್ಷ ಕೆರೆ ತುಂಬುತ್ತೆ ಅನ್ಸುತ್ತೆ.

ಪತ್ರಿಕಾ ಸಂಪಾದಕ ವಿಲಿಯಂ ಅಲೆನ್ ವೈಟ್ ನೆನಪಾಗುತ್ತಿದ್ದಾರೆ. ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾ ಅನ್ನೋ ಸಣ್ಣ ಊರು. 1895ರಲ್ಲಿ 3,000 ಡಾಲರ್‌ಗೆ ಅಲ್ಲಿನ 'ಗೆಜೆಟ್' ಪೇಪರ್ ಕೊಂಡರು. ಮರುವರ್ಷವೇ ಒಂದು ಸಂಪಾದಕೀಯದಿಂದ ದೇಶಕ್ಕೆಲ್ಲ ಗೊತ್ತಾದರು. ಆದರೂ ಊರು ಬಿಡಲಿಲ್ಲ. 1944ರಲ್ಲಿ ಸಾಯುವವರೆಗೂ ಅದೇ ಪೇಪರ್. 1923ರಲ್ಲಿ ಪುಲಿಟ್ಜರ್ ಪ್ರಶಸ್ತಿ ಕೂಡ ಬಂತು. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು 1921ರ ಮೇ ತಿಂಗಳು.

ಮಗಳು ಮೇರಿಗೆ ಹದಿನಾರು. ಕುದುರೆಯಿಂದ ಬಿದ್ದು ಸತ್ತಳು ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಕಳಿಸಿತ್ತು. ಮಗಳ ಅಂತ್ಯಕ್ರಿಯೆ ಮುಗಿಸಿ ಬಂದ ಅಪ್ಪ ಬರೆಯಲು ಕೂತರು. ಮೊದಲು ತಿದ್ದಿದ್ದು ಅದನ್ನೇ. ಅವಳು ಬೀಳಲಿಲ್ಲ, ಕುದುರೆ ಸವಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾರಿಯಲ್ಲಿ ಸಿಕ್ಕ ಗೆಳೆಯನಿಗೆ ಕೈ ಬೀಸಿದಳು. ಕುದುರೆ ಪಕ್ಕಕ್ಕೆ ತಿರುಗಿತು, ತಗ್ಗಿನ ಕೊಂಬೆ ತಲೆಗೆ ಹೊಡೆಯಿತು. ಆ ಹುಡುಗ ಆಗ ಮನೆಮನೆಗೆ ಹಾಕುತ್ತಿದ್ದದ್ದು ಗೆಜೆಟ್, ಅವಳ ಅಪ್ಪನದೇ ಪೇಪರ್.

ಮಗು ಸತ್ತ ಮನೆಯಲ್ಲಿ ಇದೆಲ್ಲ ಸಣ್ಣ ತಿದ್ದುಪಡಿ ಅಂತ ಅನ್ನಿಸಬಹುದು. ಇವತ್ತು ಬಂದ ಅಪ್ಪನ ಬೆರಳು ನೋಡಿದ ಮೇಲೆ ಹಾಗನ್ನಲು ಬಾಯಿ ಬರುತ್ತಿಲ್ಲ. ಇನ್ನು ಅವನ ಬಗ್ಗೆ ಬರೆಯೋಕೆ ಉಳಿದಿರುವುದು ಅಷ್ಟೇ ಅಲ್ವಾ, ಅದೂ ಸುಳ್ಳಾದರೆ?

'ವಿಷಾದಿಸುತ್ತೇವೆ' ಅಂತ ಮೂಲೆಯಲ್ಲಿ ಎರಡು ಸಾಲು ಹಾಕೋದು ರೂಢಿ. ಬೇಡ. ಮೊದಲ ಪುಟದಲ್ಲೇ ಜಾಗ ಬಿಡಿಸಿದ್ದೇನೆ. ಗಾಡಿ ನಿಂತಿತ್ತು ಅಂತ ಶುರು ಮಾಡಿದೆ. ಹೊಡೆದುಹಾಕಿದೆ. ಅಮ್ಮನ ಜೊತೆ ಮಾತಾಡುತ್ತಿದ್ದ ಅಂತ ಬರೆದೆ. ಬೆಳಿಗ್ಗೆ ಆರಕ್ಕೆ ನಮ್ಮ ಹುಡುಗ ಆ ಮನೆಗೂ ಪೇಪರ್ ಹಾಕುತ್ತಾನೆ, ಬಾಗಿಲು ತೆಗೆಯೋದು ಆ ತಾಯಿಯೇ ಆದರೆ