ಬಾಳೆಹಣ್ಣು ಮನೆಯಲ್ಲೇ ಬಿಡಿ: ಮಿಷಿಗನ್ ಸರೋವರದ ಕಿಂಗ್ ಸಾಲ್ಮನ್, ಈರಿಯ ವಾಲೈ

ಬೆಳಗಿನ ಜಾವ ನಾಲ್ಕೂವರೆ. ಅಮೆರಿಕದ ಮಿಷಿಗನ್ ಸರೋವರದ ದಡದ ಲಡಿಂಗ್ಟನ್ ಬಂದರಿನ ಕತ್ತಲೆಯಲ್ಲಿ ನಾವು ನಾಲ್ಕು ಜನ ಗಾಳ ಹಾಕಲು ಬಾಡಿಗೆ ಬೋಟ್ ಹತ್ತಲು ನಿಂತಿದ್ದೆವು. ಕ್ಯಾಪ್ಟನ್ ನಮ್ಮ ತಿಂಡಿ ಚೀಲಕ್ಕೆ ಟಾರ್ಚ್ ಹಿಡಿದು, "ಬಾಳೆಹಣ್ಣು ಇದೆಯಾ?" ಎಂದು ಕೇಳಿದ. "ಇದೆ, ಬೇಕಾ?" ಎಂದಳು ನನ್ನ ಹೆಂಡತಿ. ಆತ ಹಾವು ಕಂಡವನ ಹಾಗೆ ಹಿಂದೆ ಸರಿದ. ಬಾಳೆಹಣ್ಣು ಇದ್ದ ಬೋಟಿಗೆ ಮೀನು ಬೀಳುವುದಿಲ್ಲವಂತೆ. ಇಲ್ಲಿ ಗಾಳದ ಬೋಟಿನವರೆಲ್ಲ ನಂಬುವ ಮಾತು ಇದು. ಮಗಳು ಅಲ್ಲೇ ಎರಡು ಹಣ್ಣು ತಿಂದಳು, ಉಳಿದ ನಾಲ್ಕು ಕಸದ ಡಬ್ಬಿಗೆ ಹೋದವು. ಮಲ್ಪೆಯಿಂದ ಬಂದಿದ್ದ ನನ್ನ ಭಾವನಿಗೆ ಇದನ್ನು ಅರಗಿಸಿಕೊಳ್ಳಲಿಕ್ಕೇ ಆಗಲಿಲ್ಲ. "ನಮ್ಮಲ್ಲಿ ಹಣ್ಣುಕಾಯಿ ಮಾಡಿಸದೆ ಬೋಟು ನೀರಿಗೆ ಇಳಿಯುವುದೇ ಇಲ್ಲ ಮಾರಾಯ" ಎಂದು ದಿನವಿಡೀ ಗೊಣಗುತ್ತಿದ್ದ.

ನಾವು ಹೋದದ್ದು ಟ್ರೋಲಿಂಗ್ ಮಾಡಿ ಕಿಂಗ್ ಸಾಲ್ಮನ್ ಎಂಬ ಮೀನು ಹಿಡಿಯಲು. ಟ್ರೋಲಿಂಗ್ ಎಂದರೆ ಫೇಸ್‌ಬುಕ್ಕಿನದ್ದಲ್ಲ. ಮಲ್ಪೆಯ ಟ್ರಾಲ್ ಬೋಟೂ ಅಲ್ಲ. ಅಲ್ಲಿ ಎಳೆಯುವುದು ಬಲೆ, ಇಲ್ಲಿ ಗಾಳ. ಬೋಟು ಗಂಟೆಗೆ ಎರಡೂವರೆ ಮೈಲಿ ವೇಗದಲ್ಲಿ ಸುಮ್ನೆ ಹೋಗುತ್ತಿರುತ್ತದೆ. ಹಿಂದೆ ಹತ್ತಾರು ಗಾಳ ಬೇರೆ ಬೇರೆ ಆಳದಲ್ಲಿ ಈಜುತ್ತಿರುತ್ತವೆ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾಗುತ್ತದೆ. ಕಿಂಗ್ ಸಾಲ್ಮನ್‌ಗೆ ಬೇಕಾಗಿರುವುದು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ತಣ್ಣೀರು. ನಾವು ಹೋದ ದಿನ ಅದು 90 ಅಡಿ ಕೆಳಗಿತ್ತು. ಅಷ್ಟು ಆಳಕ್ಕೆ ಗಾಳ ಇಳಿಸಲು ಡೌನ್‌ರಿಗರ್ ಎಂಬ ರಾಟೆ ಇರುತ್ತದೆ. ಅದರ ತಂತಿಯ ತುದಿಗೆ ಹತ್ತು ಹನ್ನೆರಡು ಪೌಂಡಿನ ಗುಂಡು, ಗುಂಡಿಗೆ ಒಂದು ಕ್ಲಿಪ್, ಕ್ಲಿಪ್ಪಿಗೆ ಸಿಕ್ಕಿಸಿದ ಗಾಳದ ದಾರ. ಮೀನು ಕಚ್ಚಿದರೆ ದಾರ ಕಳಚಿಕೊಳ್ಳುತ್ತದೆ. ಬಾಗಿ ನಿಂತಿದ್ದ ಕೋಲು ಫಟ್ಟನೆ ನೆಟ್ಟಗಾಗುತ್ತದೆ. ಎಲ್ಲರೂ ಕೂಗುತ್ತಾರೆ.

ನಮಗೆ ಆ ಕೂಗು ಕೇಳಿದ್ದು ನಾಲ್ಕು ಸಲ. ಎರಡು ಕಿಂಗ್, ಒಂದು ಲೇಕ್ ಟ್ರೌಟ್, ಇನ್ನೊಂದು ತಪ್ಪಿಸಿಕೊಂಡಿತು. ಎರಡೂ ಕಿಂಗ್ ಬಿದ್ದದ್ದು ಸೂರ್ಯ ಹುಟ್ಟುವ ಮೊದಲೇ, ಕತ್ತಲಲ್ಲಿ ಹೊಳೆಯುವ ಚಮಚದಂಥ ತಗಡಿಗೆ. ಮಗಳ ಕೋಲಿಗೆ ಬಿದ್ದದ್ದು 18 ಪೌಂಡ್ ಇತ್ತು. ನೂರು ಗಜ ದಾರ ಎಳೆದುಕೊಂಡು ಓಡಿತು. ಅವಳಿಗೆ ಹನ್ನೊಂದು ವರ್ಷ, ಕೈ ನಡುಗುತ್ತಿತ್ತು, ಆದರೂ ಕೋಲು ಬಿಡಲಿಲ್ಲ. ಆ ಹತ್ತು ನಿಮಿಷಕ್ಕೆ ದುಡ್ಡು ಕೊಟ್ಟದ್ದು ಸಾರ್ಥಕ ಎಂದು ಆಗ ಅನ್ನಿಸಿದ್ದು ನಿಜ. 2021ರಲ್ಲಿ ಮಿಷಿಗನ್ ರಾಜ್ಯದ ದಾಖಲೆಯ ಕಿಂಗ್, 47.86 ಪೌಂಡಿನದು, ಸಿಕ್ಕಿದ್ದೂ ಇದೇ ಲಡಿಂಗ್ಟನ್ ಎದುರಿನ ನೀರಿನಲ್ಲಿ.

ಆಮೇಲೆ ಬಿಲ್ಲು ಬಂತು. ಫೋನಿನಲ್ಲಿ ಹೇಳಿದ್ದು 650 ಡಾಲರ್, ಆರು ಗಂಟೆ. ದಡದಲ್ಲಿ ಡೀಸೆಲ್‌ಗೆಂದು 60 ಸೇರಿತು, ಮೀನು ಕೊಯ್ಯಲು 40. ಆರು ಗಂಟೆಯಲ್ಲಿ ಹೋಗುವ ಬರುವ ಹೊತ್ತೂ ಸೇರಿತ್ತು. ಗಾಳ ನೀರಿನಲ್ಲಿ ಇದ್ದದ್ದು ನಾಲ್ಕೂವರೆ ಗಂಟೆಗೂ ಕಮ್ಮಿ. ಕೆಲಸದ ಹುಡುಗನಿಗೆ ಟಿಪ್ ಬೇರೆ. ಅದು ಇಲ್ಲಿಯ ರೂಢಿ, 15ರಿಂದ 20 ಪರ್ಸೆಂಟ್. ಅವನು ಪಾಪ ದುಡಿದಿದ್ದ, ಅದಕ್ಕೆ ನನ್ನ ತಕರಾರಿಲ್ಲ. ನೀವು ಹೋಗುವುದಾದರೆ ಡೀಸೆಲ್ ಸೇರಿದೆಯಾ, ಕೊಯ್ದು ಕೊಡುತ್ತಾರಾ, ಹೊತ್ತಿನ ಲೆಕ್ಕ ಎಲ್ಲಿಂದ ಶುರು ಎಂದು ಮೆಸೇಜಿನಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ. ಇಂಥ ಬೋಟುಗಳಲ್ಲಿ ಸಾಮಾನ್ಯವಾಗಿ ಆರು ಜನರ ತನಕ ಹತ್ತಬಹುದು, ಬಾಡಿಗೆ ಬೋಟಿಗೇ ಹೊರತು ತಲೆಗಲ್ಲ. ನಾಲ್ಕೇ ಜನ ಹೋಗಿ ನಾವು ದಡ್ಡರಾದೆವು. ಲೈಸೆನ್ಸ್ ಮಾತ್ರ ಅಗ್ಗ. ನಾವು ಹೋದಾಗ ಒಂದು ದಿನಕ್ಕೆ 10 ಡಾಲರ್ ಇತ್ತು, 17 ತುಂಬದವರಿಗೆ ಬೇಕಾಗಿಲ್ಲ.

ರೂಮಿನ ಕಥೆ ಇನ್ನೂ ಕಷ್ಟದ್ದು. ನೀರು ಕಾಣುವ ರೂಮು ಎಂದು 240 ಡಾಲರ್ ಕೊಟ್ಟೆ. ಕಾರ್ಪೆಟ್ ಮುಗ್ಗಲು ನಾತ, ಎಸಿ ರಾತ್ರಿಯಿಡೀ ಗೊರಕೆ. ಮೂರೂವರೆಗೆ ಏಳುವವರಿಗೆ ನೀರು ಕಂಡರೆಷ್ಟು, ಬಿಟ್ಟರೆಷ್ಟು? ಟೆಂಟ್ ಇದ್ದರೆ ಲಡಿಂಗ್ಟನ್ ಸ್ಟೇಟ್ ಪಾರ್ಕ್ ಒಳ್ಳೆಯದು. ಆದರೆ ಬುಕಿಂಗ್ ಆರು ತಿಂಗಳ ಮೊದಲೇ ತೆರೆಯುತ್ತದೆ, ಬೇಸಿಗೆಯ ಜಾಗವೆಲ್ಲ ಬೇಗ ಹೋಗಿಬಿಡುತ್ತದೆ.

ಹೆಂಡತಿಗೆ ಏಳು ಗಂಟೆಯಿಂದ ವಾಂತಿ. ಸರೋವರ ಅಲ್ವಾ, ಏನಾಗುತ್ತೆ ಎಂದು ನಾನೇ ಧೈರ್ಯ ಹೇಳಿದ್ದೆ. ತಪ್ಪು. ಸಮುದ್ರದ ಅಲೆ ಉದ್ದ, ತೊಟ್ಟಿಲು ತೂಗಿದ ಹಾಗೆ. ಇಲ್ಲಿಯದು ಗಿಡ್ಡ, ಒಂದರ ಬೆನ್ನಿಗೆ ಇನ್ನೊಂದು, ಹಳ್ಳಕೊಳ್ಳದ ರಸ್ತೆಯಲ್ಲಿ ಜೀಪು ಹೋದ ಹಾಗೆ. ಮಲ್ಪೆಯ ಭಾವನೇ ಕಂಬ ಹಿಡಿದು ಕೂತಿದ್ದ. ಮಾತ್ರೆ ಹಿಂದಿನ ರಾತ್ರಿಯೇ ನುಂಗಿ, ಬೋಟ್ ಹತ್ತಿದ ಮೇಲಲ್ಲ. ಜುಲೈ ಆದರೂ ಜಾಕೆಟ್ ಬೇಕು. ಅಲೆ ಎರಡರಿಂದ ನಾಲ್ಕು ಅಡಿ ಎಂದು ಹವಾಮಾನದವರು ಹೇಳಿದ್ದರೆ, ಮಕ್ಕಳೊಂದಿಗೆ ಹೊರಟವರು ದಿನ ಬದಲಿಸಿ. ಅಲೆಯನ್ನು ಲೆಕ್ಕಿಸದವರ ಹಳೆಯ ಕಥೆಯೊಂದಿದೆ. ಈ ಸಾಲ್ಮನ್ ಇಲ್ಲಿಯ ಮೀನೇ ಅಲ್ಲ. ಏಲ್‌ವೈಫ್ ಎಂಬ ಸಣ್ಣ ಮೀನು, ನಮ್ಮ ಬೂತಾಯಿಯ ದೂರದ ನೆಂಟ, ವಿಪರೀತ ಹೆಚ್ಚಿ ದಡದಲ್ಲಿ ಕೊಳೆಯುತ್ತಿತ್ತು. ಅದನ್ನು ತಿನ್ನಲಿ ಎಂದು 1966ರಲ್ಲಿ ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್, 1967ರಲ್ಲಿ ಕಿಂಗ್ ಮರಿಗಳನ್ನು ತಂದು ಬಿಟ್ಟರು. ಆ 1967ರ ಸೆಪ್ಟೆಂಬರಿನಲ್ಲೇ ಕೋಹೋ ಹುಚ್ಚಿಗೆ ಬಿದ್ದು, ಗಾಳಿಯ ಎಚ್ಚರಿಕೆ ಲೆಕ್ಕಿಸದೆ ಸಣ್ಣ ದೋಣಿಗಳಲ್ಲಿ ಹೋದವರಲ್ಲಿ ಏಳು ಜನ ಇದೇ ಸರೋವರದ ಪ್ಲಾಟ್ ಬೇ ಎಂಬ ಕೊಲ್ಲಿಯ ಕಡೆ ಸತ್ತರು.

ಸಿಟ್ಟು ಇಳಿದದ್ದು ಹಾರ್ಟ್ ಎಂಬ ಸಣ್ಣ ಊರಿನಲ್ಲಿ, ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಸುತ್ತಲೂ ಆಸ್ಪರಾಗಸ್ ಮತ್ತು ಚೆರಿ ತೋಟ. ತೋಟದ ಕೆಲಸಕ್ಕೆ ಬರುವ ಮೆಕ್ಸಿಕನ್ನರು ಜಾಸ್ತಿ. ಅವರಿಗಾಗಿಯೇ ಇರುವ ಒಂದು ಟಾಕೋ ಅಂಗಡಿಗೆ ಹೊಕ್ಕೆವು. ಆರು ಮೇಜು, ಗೋಡೆಯಲ್ಲಿ ಟಿವಿ, ಮೆನು ಸ್ಪ್ಯಾನಿಷ್‌ನಲ್ಲಿ. ಒಳಗೆ ಒಬ್ಬ ಅಜ್ಜಿ ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಹೆಂಚಿಗೆ ಹಾಕುತ್ತಿದ್ದಳು. ಹೆಂಡತಿ ನೋಡಿ, "ರೊಟ್ಟಿ!" ಎಂದಳು. ವಾಂತಿ ಶುರುವಾದ ಮೇಲೆ ಅವಳು ಆಡಿದ ಮೊದಲ ಮಾತು. ಬಿಸಿ ರೊಟ್ಟಿಯಲ್ಲಿ ಹುರಿದ ಮಾಂಸ, ಹಸಿ ಈರುಳ್ಳಿ, ಕೊತ್ತಂಬರಿ, ಹಿಂಡಿದ ನಿಂಬೆ. ಹಸಿರು ಸಾಲ್ಸಾ ಅಂತೂ ನಮ್ಮ ಹಸಿಮೆಣಸಿನ ಚಟ್ನಿಯೇ, ಹುಳಿ ಸ್ವಲ್ಪ ಮುಂದೆ. ಬೇಯಿಸಿದ ಕಾಳಿನ ಒಂದು ಬಟ್ಟಲು ಕೇಳದೆಯೇ ಬಂತು. ಭಾವ ಏಳು ಟಾಕೋ ತಿಂದ. ನಾಲ್ಕು ಜನರಿಗೆ 43 ಡಾಲರ್. ಮರುದಿನ ಮತ್ತೆ ಹೋದೆವು, ಆ ಅಜ್ಜಿ ನಮ್ಮನ್ನು ನೋಡಿ ನಕ್ಕಳು. ಲಡಿಂಗ್ಟನ್‌ನಲ್ಲಿ ಬಂದರು ನೋಡುತ್ತಾ ತಿನ್ನುವ ಹೋಟೆಲಿಗೆ ಸಾಲು ನಿಲ್ಲುವ ಬದಲು ಇಲ್ಲಿಗೆ ಬನ್ನಿ. ನನಗಂತೂ ತಿನ್ನಲು ಸಾಲು ನಿಲ್ಲುವುದೆಂದರೆ ಆಗದು.

ಮೂರು ದಿನ ಬಿಟ್ಟು ಒಹಾಯೊದ ಪೋರ್ಟ್ ಕ್ಲಿಂಟನ್. ಡೆಟ್ರಾಯ್ಟ್ ಕಡೆಯಿಂದ ಎರಡು ಗಂಟೆಯೂ ಬೇಡ. ವಾಲೈ ಮೀನಿಗೆ ಹೆಸರಾದ ಊರು, ಹೊಸ ವರ್ಷದ ರಾತ್ರಿ ಚೆಂಡಿನ ಬದಲು ದೊಡ್ಡ ವಾಲೈ ಬೊಂಬೆಯನ್ನೇ ಮೇಲಿನಿಂದ ಇಳಿಸುತ್ತಾರೆ. ಈರಿ ಸರೋವರದ ಈ ಪಶ್ಚಿಮ ತುದಿಯ ಸರಾಸರಿ ಆಳ 24 ಅಡಿಯಷ್ಟೇ. ಡೌನ್‌ರಿಗರ್ ಗಡಿಬಿಡಿ ಇಲ್ಲ. ಬೋಟಿನ ಎರಡೂ ಬದಿಗೆ ತೇಲುವ ಹಲಗೆ ಬಿಟ್ಟು, ಅದರಿಂದ ಎರೆಹುಳ ಪೋಣಿಸಿದ ಗಾಳ ಎಳೆಯುತ್ತಾರೆ. ವೇಗ ಗಂಟೆಗೆ ಒಂದೂಕಾಲು ಮೈಲಿ, ನಡೆಯುವವನೂ ಹಿಂದೆ ಹಾಕಬಹುದು. ವಾಲೈ ಜಗ್ಗಾಡುವುದಿಲ್ಲ. ಹಲಗೆ ಮೆಲ್ಲಗೆ ಹಿಂದೆ ಜಾರಿದರೆ ಬಿದ್ದಿದೆ ಎಂದರ್ಥ. ಕ್ಯಾಪ್ಟನ್ ಎಪ್ಪತ್ತು ದಾಟಿದ ಅಜ್ಜ. ಎಲ್ಲ ಸೇರಿ 560 ಎಂದಿದ್ದರು, 560ನ್ನೇ ತೆಗೆದುಕೊಂಡರು. ಮಗಳಿಗೆ ಹುಳ ಪೋಣಿಸಲು ಕಲಿಸಿದರು. ಒಬ್ಬರಿಗೆ ಆರು ಮೀನು ಮಿತಿ, 15 ಇಂಚಿಗಿಂತ ಗಿಡ್ಡದ್ದು ವಾಪಸ್ ನೀರಿಗೆ. ನಾವು 19 ತಂದೆವು. ನಡುನಡುವೆ ಶೀಪ್‌ಹೆಡ್ ಎಂಬ ಯಾರಿಗೂ ಬೇಡದ ಮೀನು ಬಿದ್ದಾಗೆಲ್ಲ ಭಾವ, "ಇದನ್ನು ಯಾಕೆ ಬಿಸಾಡ್ತಾರೆ?" ಎನ್ನುತ್ತಿದ್ದ.

ಮೊದಲ ಸಲ, ಮಕ್ಕಳ ಜೊತೆ ಹೋಗುವವರಿಗೆ ನನ್ನ ಓಟು ಈರಿಗೇ. ಆದರೆ ತಿಂಗಳು ನೋಡಿಕೊಳ್ಳಿ. ಜೂನ್ ನಡುವಿನಿಂದ ಮೇಫ್ಲೈ ಹುಳಗಳು ದೀಪದ ಕೆಳಗೆ ಗುಡ್ಡೆ ಬೀಳುತ್ತವೆ. ಆಗಸ್ಟ್ ಹೊತ್ತಿಗೆ ನೀರಿನ ಮೇಲೆ ಹಸಿರು ಪಾಚಿ ಬರುತ್ತದೆ. 2014ರಲ್ಲಿ ಅದರ ವಿಷದಿಂದ ಟೊಲೀಡೊ ನಗರದವರು ನಲ್ಲಿ ನೀರು ಕುಡಿಯದಂತಾಗಿತ್ತು.

ಇನ್ನು ಅಡುಗೆ. ಲಡಿಂಗ್ಟನ್‌ನಲ್ಲಿ ಕೊಯ್ಯುವವನು ಕಿಂಗ್‌ನ ತಲೆಯನ್ನು ತೊಟ್ಟಿಗೆ ಎಸೆದಾಗ ನಾನೂ ಭಾವನೂ ಒಟ್ಟಿಗೇ "ಅಯ್ಯೋ" ಎಂದೆವು. ಕೇಳಿ ವಾಪಸ್ ತೆಗೆಸಿಕೊಂಡೆವು. ರಾತ್ರಿ ರೂಮಿನಲ್ಲಿ ಮಿಷಿಗನ್ ಆರೋಗ್ಯ ಇಲಾಖೆಯ ಈಟ್ ಸೇಫ್ ಫಿಶ್ ಪಟ್ಟಿ ಓದಿದೆ. ಪಿಸಿಬಿ ಎಂಬ ರಾಸಾಯನಿಕ ಮೀನಿನ ಕೊಬ್ಬಿನಲ್ಲಿ ಸೇರುತ್ತದಂತೆ. ಚರ್ಮ, ಕೊಬ್ಬು ತೆಗೆದೇ ಬೇಯಿಸಬೇಕು, ದೊಡ್ಡ ಮೀನು ಕಮ್ಮಿ ತಿನ್ನಬೇಕು. ತಲೆ ಮತ್ತೆ ಕಸದ ಡಬ್ಬಿಗೇ ಹೋಯಿತು. ಕಿಂಗ್ ಜಿಡ್ಡಿನ ಮೀನು, ಪುಳಿಮುಂಚಿಗೆ ಸರಿ. ವಾಲೈ ಬಿಳಿ, ಮೃದು, ಹೆಚ್ಚುಕಮ್ಮಿ ನಮ್ಮ ಕಾಣೆ ಮೀನೇ. ಅದಕ್ಕೆ ರವಾ ಫ್ರೈಯೇ ಆಗಬೇಕು. ರವೆ, ಮೆಣಸಿನ ಪುಡಿ ಪೋರ್ಟ್ ಕ್ಲಿಂಟನ್‌ನಲ್ಲಿ ಹುಡುಕುತ್ತಾ ಕೂರಬೇಡಿ, ಮನೆಯಿಂದಲೇ ಕಟ್ಟಿಕೊಂಡು ಹೋಗಿ.