ಅಪ್ಪನ ಗುಡಿಯಲ್ಲಿ ಆಯಿಯ ಹಾಜರಿ

ಹೋಳಿ ಹುಣ್ಣಿಮೆ ಮುಗಿದು ಐದನೇ ದಿನ ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಮನೆಯಲ್ಲಿ ಅಷ್ಟುದ್ದ ಹೆಸರು ಯಾರೂ ಹೇಳೋದಿಲ್ಲ, ಅಪ್ಪ ಅಂತೀವಿ ಅಷ್ಟೇ. ಅಪ್ಪನ ಗುಡಿ, ಅಪ್ಪನ ಕೆರೆ, ಅಪ್ಪನ ಜಾತ್ರೆ. ಈ ಸಲ ಮೊದಲ ಬಾರಿಗೆ ಆಯಿ ಇಲ್ಲದೆ ಜಾತ್ರೆಗೆ ಹೋಗಿ ಬಂದೆವು, ಅವ್ವ ಮತ್ತು ನಾನು. ಆಯಿ ಹೋದದ್ದು ದೀಪಾವಳಿ ಆದ ಮೇಲೆ. ಅವಳ ಚೀಲದಲ್ಲಿ ಎರಡು ಸೇರು ತೊಗರಿ ಬ್ಯಾಳಿ ಹಾಕಿಕೊಂಡೆವು, ಜೊತೆಗೆ ಅವಳ ಹಾಜರಿ ಪುಸ್ತಕ.

ಆಯಿ ಅಂದ್ರೆ ನನ್ನ ಅವ್ವನ ತಾಯಿ. ಊರಿಗೆಲ್ಲ ಅಕ್ಕೋರು. 1967ರಲ್ಲಿ ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲಸಕ್ಕೆ ಸೇರಿದವಳು 2005ರಲ್ಲಿ ನಿವೃತ್ತಿ ಆದಳು. ಮೊದಲ ಹಳ್ಳಿಗೆ ಬಸ್ಸು ಇರಲಿಲ್ಲ, ದೊಡ್ಡ ರಸ್ತೆಯಲ್ಲಿ ಇಳಿದು ನಡೆಯಬೇಕಿತ್ತು. ಒಂದನೇ ಎರಡನೇ ತರಗತಿ ಹನುಮಪ್ಪನ ಗುಡಿ ಕಟ್ಟೆಯ ಮೇಲೆ. ಮಳೆ ಬಂದ್ರೆ ಎಲ್ಲರೂ ಒಳಗೆ ದೇವರ ಮುಂದೆ ಕೂತು ಮಗ್ಗಿ ಹೇಳುವುದು.

ಆದರೆ ಆಯಿಯ ಮೊದಲ ವಿದ್ಯಾರ್ಥಿ ಆ ಹಳ್ಳಿಯ ಮಕ್ಕಳಲ್ಲ, ಅವಳ ಅಪ್ಪ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು ಅವರು. ಲೆಕ್ಕಪತ್ರ ಎಲ್ಲ ಉರ್ದುವಿನಲ್ಲೇ, ಕನ್ನಡ ಮಾತಾಡೋಕೆ ಮಾತ್ರ. 1948ರ ಸೆಪ್ಟೆಂಬರ್ 17ಕ್ಕೆ ನಮ್ಮ ಭಾಗ ಭಾರತಕ್ಕೆ ಸೇರಿದಾಗ ಆಯಿ ಇನ್ನೂ ತೊಟ್ಟಿಲ ಕೂಸು. ಮುಂದೆ ಅವಳು ಕನ್ನಡ ಶಾಲೆಗೆ ಹೋಗಿ ಸಂಜೆ ಬಂದು ಪಾಟಿ ಇಟ್ಟುಕೊಂಡು ಕೂತರೆ, ಅವಳ ಅಪ್ಪ ಪಕ್ಕದಲ್ಲಿ ಕೂತು ಅಂಕಲಿಪಿ ನೋಡಿ ತಾವೂ ತಿದ್ದುತ್ತಿದ್ದರಂತೆ. "ನಮ್ಮಪ್ಪಗ ಕೈ ಹಿಡದು ಅ ಬರಿಸೀನಿ ನಾ" ಅಂತ ಆಯಿ ಹೇಳುವಾಗ ದನಿ ಸಣ್ಣಗಾಗುತ್ತಿತ್ತು. ಆಮೇಲೆ ಎಷ್ಟು ಮಕ್ಕಳ ಕೈ ಹಿಡಿದು ಬರೆಸಿದಳೋ, ಈ ಒಂದು ಮಾತನ್ನೇ ಜಾಸ್ತಿ ಹೇಳುತ್ತಿದ್ದಳು.

ಅಪ್ಪನ ಗುಡಿಯ ಒಳಗೆ ಗುರುವಿನ ಮುಖ, ಶಿಷ್ಯನ ಮುಖ ಎರಡೂ ಜೋಡಿಯಾಗಿ ಇವೆ. ಗುರು ಮರುಳಾರಾಧ್ಯರು, ಶಿಷ್ಯ ನಮ್ಮಪ್ಪ ಶರಣಬಸವೇಶ್ವರರು. ಆಯಿ ಅಲ್ಲಿ ನಿಂತರೆ ಹೆಜ್ಜೆ ಕೀಳುತ್ತಿರಲಿಲ್ಲ. "ನೋಡು, ಇಬ್ರೂ ಒಂದs ಮಟ್ಟದಾಗ ಇದ್ದಾರ" ಅಂತಿದ್ದಳು. ಕಂಬಗಳ ಮೇಲಿನ ಕೆತ್ತನೆ ತೋರಿಸಿ ನನಗೆ ಅಕ್ಷರ ಕೇಳುತ್ತಿದ್ದಳು. ಗಿಳಿ ಯಾವ ಅಕ್ಷರ, ನವಿಲು ಯಾವ ಅಕ್ಷರ. ನನಗೆ ಓದು ಬಂದದ್ದು ಅರ್ಧ ಆ ಗುಡಿಯಲ್ಲೇ.

ಈಗ ಹಾಜರಿಯ ವಿಷಯ. ಆಯಿ ಕೆಲಸಕ್ಕೆ ಸೇರಿದ ವರ್ಷ, ತೊಗರಿ ರಾಶಿ ಮುಗಿದ ಕೂಡಲೇ ಒಂದು ಹುಡುಗಿ ಶಾಲೆಗೆ ಬರೋದು ನಿಂತಿತು. ಮನೆಯವರೆಲ್ಲ ದುಡಿಯೋಕೆ ಗುಳೆ ಹೋಗಿದ್ದರು. ಪುಣೆಯೋ ಮುಂಬೈಯೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಕಡೆ ಇದು ಹೊಸದೇನಲ್ಲ, ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮನೆಗೆ ಬೀಗ. ಆ ವರ್ಷ ಜಾತ್ರೆಗೆ ಬಂದ ಆಯಿ ಗುಡಿಯಲ್ಲಿ ಆ ಹುಡುಗಿಯ ಹೆಸರು ಕೂಗಿ, "ಈಕಿ ವಾಪಸ್ ಬಂದ್ರ ಪ್ರತಿ ವರ್ಷ ನಿನ್ನ ದಾಸೋಹಕ್ಕ ಎರಡು ಸೇರು ಬ್ಯಾಳಿ ತರ್ತೀನಿ ಅಪ್ಪ" ಅಂತ ಬೇಡಿಕೊಂಡಳು. ಮಳೆಗಾಲ ಹಿಡಿದಾಗ ಹುಡುಗಿ ಬಂದಳು. ಅವತ್ತು ಹತ್ತಿದ ಹರಕೆ ಅದು.

ಮುಂದಿನ ವರ್ಷ ಮೂರು ಹೆಸರು. ಅದರ ಮುಂದಿನ ವರ್ಷ ಐದು. ಶಾಲೆಯ ಹಾಜರಿ ಬೇರೆ, ಅದು ಸರ್ಕಾರದ್ದು. ಇದು ಅವಳದೇ ಪುಸ್ತಕ. ಕಂದು ಬಣ್ಣದ ಹೊದಿಕೆ ಹಾಕಿ, ಮೂಲೆಗೆ ದಾರ ಹೊಲಿದು, ಬಿಟ್ಟುಹೋದ ಮಕ್ಕಳ ಹೆಸರು ಮಾತ್ರ ಬರೆದಿಟ್ಟದ್ದು. ಅಕ್ಷರ ಎಲ್ಲ ದುಂಡಗೆ, ಹೆಸರಿನ ಕೆಳಗೆ ಒಂದು ಬೆರಳಷ್ಟು ಜಾಗ ಖಾಲಿ. ಆ ಮಗು ಶಾಲೆಗೆ ಬಂದರೆ ಕೆಂಪು ಪೆನ್ನಿನಿಂದ ಹೆಸರು ಹೊಡೆದು ಹಾಕುವುದು. ಬರದಿದ್ದರೆ ಪ್ರತಿ ಜಾತ್ರೆಗೂ ಅಪ್ಪನ ಮುಂದೆ ಹೆಸರು ಕೂಗುವುದು, ಪಕ್ಕದಲ್ಲಿ ನಿಂತವರು ಆ ಮಗುವಿನ ಪರವಾಗಿ "ಹಾಜರ್" ಅನ್ನುವುದು. ಸಣ್ಣವಳಿದ್ದಾಗ ಅವ್ವ ಅಂದಳು, ಆಮೇಲೆ ನಾನು ಅಂದೆ. ಮಗು ಎಲ್ಲೋ ಮಣ್ಣು ಹೊರುತ್ತಿರಬಹುದು, ಆದ್ರೆ ಅಪ್ಪನ ಲೆಕ್ಕದಲ್ಲಿ ಗೈರಾಗಬಾರದು ಅನ್ನೋದು ಆಯಿಯ ಆಸೆ.

ಅಪ್ಪನ ಕಥೆ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ಜಿಲ್ಲೆಯದೇ ಅರಳಗುಂಡಗಿಯಲ್ಲಿ ಹುಟ್ಟಿದವರು ಅವರು. ಹೊಲ ಕಾಯೋಕೆ ಕಳಿಸಿದರೆ ಹಕ್ಕಿ ಓಡಿಸಲಿಲ್ಲ. ತಿನ್ನಲಿ ಅಂತ ಬಿಟ್ಟು, ಮೇಲೆ ಕುಡಿಯೋಕೆ ನೀರೂ ಇಟ್ಟರು. ಬಂದವರಿಗೆ ಉಣ್ಣಿಸುತ್ತಲೇ ಬದುಕು ಸವೆಸಿದರು. 1822ರಲ್ಲಿ ಲಿಂಗೈಕ್ಯರಾದರು, ಇನ್ನೂರು ವರ್ಷ ದಾಟಿದರೂ ದಾಸೋಹ ನಿಂತಿಲ್ಲ. ಆಯಿ ಹಸಿದ ಮಗುವಿಗೆ ಪಾಠ ಹೇಳಲಿಲ್ಲ. ಹಾಜರಿ ಕೂಗುವಾಗಲೇ ಮುಖ ನೋಡಿ, "ಉಂಡೀ ಏನ?" ಅಂತ ಕೇಳುತ್ತಿದ್ದಳು. ಅವಳ ರೊಟ್ಟಿ ಗಂಟಿನಲ್ಲಿ ತನಗೆ ಎರಡು ರೊಟ್ಟಿ, ಮಿಕ್ಕ ಆರೋ ಎಂಟೋ ಮಕ್ಕಳಿಗೆ. ಮೇಲೆ ಶೇಂಗಾ ಹಿಂಡಿ. ಅವ್ವ ಮತ್ತು ಚಿಕ್ಕವ್ವ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ಕೊಟ್ಟೇ ತಮ್ಮ ಶಾಲೆಗೆ ಹೋಗುತ್ತಿದ್ದರು. ಸಂಬಳ ಒಂದೇ, ಮುತ್ಯಾ, ಅಂದ್ರೆ ಆಯಿಯ ಗಂಡ, ಬೇಗ ತೀರಿಹೋಗಿದ್ದ, ಮನೆಯಲ್ಲಿ ಜೋಳ ಅಳೆದು ತೆಗೆಯುವ ದಿನಗಳು. ಆದರೂ ಆ ಗಂಟು ಸಣ್ಣಗಾಗಲಿಲ್ಲ ಅಂತಾಳೆ ಅವ್ವ.

2002ರಲ್ಲಿ ಶಾಲೆಯಲ್ಲೇ ಬಿಸಿಯೂಟ ಶುರುವಾಯಿತು, ಅದೂ ರಾಜ್ಯದಲ್ಲಿ ಮೊದಲು ನಮ್ಮ ಈ ಕಡೆಯ ಜಿಲ್ಲೆಗಳಲ್ಲೇ. ಹೆಸರು ಅಕ್ಷರ ದಾಸೋಹ. ಆ ಹೆಸರು ಕೇಳಿ ಆಯಿ ಅತ್ತಳಂತೆ. "ಈಗ ಅಪ್ಪನs ಸಾಲಿಗಿ ಬಂದ ನೋಡು" ಅಂದಳಂತೆ. ಮೊದಲ ದಿನ ಮಕ್ಕಳ ಜೊತೆ ಸಾಲಿನಲ್ಲಿ ನೆಲದ ಮೇಲೆ ಕೂತು ಉಂಡಳು.

ಈ ವರ್ಷ ನಾವು ಮಧ್ಯಾಹ್ನವೇ ಗುಡಿ ಮುಟ್ಟಿದೆವು. ಬಿಸಿಲು ಅಂದ್ರೆ ಬಿಸಿಲು. ಬರಿಗಾಲಲ್ಲಿ ಫರ್ಸಿ ಮೇಲೆ ಕಾಲಿಡೋಕೆ ಆಗ್ತಿರಲಿಲ್ಲ, ಆದರೂ ಹಳ್ಳಿಗಳಿಂದ ನಡೆದು ಬಂದ ಮುದುಕಿಯರು ಸುಮ್ನೆ ಅಪ್ಪ ಅಪ್ಪ ಅಂತ ಹೋಗುತ್ತಲೇ ಇದ್ದರು. ದಾಸೋಹದಲ್ಲಿ ಬ್ಯಾಳಿ ಕೊಟ್ಟೆವು. ಅಲ್ಲಿದ್ದ ಹಿರಿಯರು ಚೀಲ ಗುರುತಿಸಿ, "ಅಕ್ಕೋರು ಬರ್ಲಿಲ್ಲೇನ್ರೀ?" ಅಂದರು. ಅವ್ವ ಉತ್ತರ ಕೊಡಲಿಲ್ಲ, ಚೀಲದ ಬಾಯಿ ಬಿಚ್ಚುತ್ತಾ ನಿಂತಳು. ಅವರು ತಿಳಿದುಕೊಂಡರು. "ಯಾರ ಹೆಸರಿಗೆ" ಅಂತ ಮೆಲ್ಲಗೆ ಕೇಳಿದರು. "ಸಾಲಿ ಮಕ್ಕಳ ಹೆಸರಿಗೇ ಇರ್ಲಿ" ಅಂದಳು ಅವ್ವ.

ದರ್ಶನದ ಸಾಲಿನಲ್ಲಿ ಹಾಜರಿ ಶುರು ಮಾಡಿದೆ. ನಾನು ಕೂಗುವುದು, ಅವ್ವ ಹಾಜರ್ ಅನ್ನುವುದು. ಆ ಹೆಸರುಗಳನ್ನು ಇಲ್ಲಿ ಬರೆಯೋದಿಲ್ಲ. ಅವರೆಲ್ಲ ಈಗ ಮಕ್ಕಳು ಮರಿ ಇರುವ ದೊಡ್ಡವರು. ಹದಿನಾಲ್ಕನೇ ಹೆಸರಿಗೆ ಬಂದಾಗ ಹಿಂದಿನಿಂದ ಜನ ನೂಕಿದರು, ಮುಂದೆ ಹೋಗಬೇಕಾಯಿತು. ಆಯಿ ಇದ್ದಿದ್ದರೆ ಅಷ್ಟು ಹೊತ್ತಿಗೆ ಎಲ್ಲ ಹೆಸರು ಮುಗಿಸಿರುತ್ತಿದ್ದಳು, ಅವಳಿಗೆ ಪುಸ್ತಕ ಬಿಚ್ಚೋದೇ ಬೇಕಿರಲಿಲ್ಲ.

ಸಂಜೆ ತೇರು ಎಳೆದರು. ಅಪ್ಪನದು ಅಂತ ಪೂಜಿಸುವ ಪರುಸ ಬಟ್ಟಲು ತೋರಿಸಿದಾಗ ಆ ಜನಸಾಗರ ಒಂದೇ ದನಿಯಲ್ಲಿ ಜೈಕಾರ ಹಾಕಿತು, ಉತ್ತತ್ತಿ ಬಾಳೆಹಣ್ಣು ತೇರಿನ ಮೇಲೆ ಮಳೆಯ ಹಾಗೆ ಬಿದ್ದವು. ನಾನು ಎಸೆದ ಉತ್ತತ್ತಿ ಮುಟ್ಟಿತೋ ಇಲ್ಲವೋ ಕಣ್ಣಿಗೆ ಕಾಣಲಿಲ್ಲ, ಕಣ್ಣು ತುಂಬಿತ್ತು.

ಆಮೇಲೆ ಕೆರೆಯ ಕಡೆ ಬಂದು ಕಟ್ಟೆ ಮೇಲೆ ಕೂತು ಉಳಿದ ಹೆಸರು ಓದಿದೆ. ಮೊಬೈಲ್ ಬೆಳಕಿನಲ್ಲಿ. ಅವ್ವ ಒಂದೊಂದಕ್ಕೂ ಹಾಜರ್ ಅನ್ನುತ್ತಿದ್ದಳು. ಇಪ್ಪತ್ತೆರಡನೇ ಹೆಸರಿಗೆ ದನಿ ಬರಲಿಲ್ಲ. ಮತ್ತೆ ಓದಿದೆ.

"ಇವಂದು ಹೊಡದು ಹಾಕು," ಅಂದಳು ಅವ್ವ. "ಇವ ಬಂದಾನ."

ನೆನಪಾಯಿತು. ಆಯಿಯನ್ನು ಹೊಲದಲ್ಲಿ ಮುತ್ಯಾನ ಪಕ್ಕ ಮಣ್ಣು ಮಾಡಿದ ಮೂರನೇ ದಿನ ಪುಣೆಯಿಂದ ಒಬ್ಬ ಗೌಂಡಿ ಬಂದಿದ್ದ. ಜೊತೆಗೆ ಕರಣಿ, ದಾರ. ಸಮಾಧಿಯ ಸುತ್ತ ಶಹಾಬಾದ್ ಕಲ್ಲು ತಾನೇ ಕೂರಿಸಿದ. ಕೂಲಿ ಕೊಡೋಕೆ ಹೋದರೆ ಕೈ ಹಿಂದೆ ಕಟ್ಟಿಕೊಂಡು ನಿಂತ. ಮೂರನೇ ತರಗತಿಯಲ್ಲಿ ಬಿಟ್ಟುಹೋದವನಂತೆ. ಅವನ ಹೆಸರನ್ನು ಅವ್ವ ಕೇಳಿಟ್ಟುಕೊಂಡಿದ್ದಳು, ನನಗೆ ಗೊತ್ತಿರಲಿಲ್ಲ.

ನನ್ನ ಹತ್ತಿರ ಕೆಂಪು ಪೆನ್ನು ಇರಲಿಲ್ಲ. ಮನೆಗೆ ಬಂದು, ಕಾಲು ತೊಳೆದು, ಆಯಿಯ ಡಬ್ಬಿಯಿಂದಲೇ ಪೆನ್ನು ತೆಗೆದು ಆ ಹೆಸರು ಹೊಡೆದೆ. ಇನ್ನೂ ಮೂವತ್ತಾರು ಹೆಸರು ಇವೆ.