ಚಿಕಾಗೋ ಚಳಿಯಲ್ಲಿ ಎಳ್ಳು ಬೀರಿದ್ದು

ಮಂಡ್ಯದ ಕಡೆ ಸಂಕ್ರಾಂತಿಗೆ ಏನೇ ಮಾಡಿ, ನಾಲ್ಕು ಮನೆಗೆ ಹೋಗಿ ಎಳ್ಳು ಬೀರದಿದ್ದರೆ ಹಬ್ಬ ಮಾಡಿದ ಹಾಗೇ ಅಲ್ಲ. ಹೊರಡುವ ಮೊದಲೇ ಅವ್ವ ಇದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿಬಿಟ್ಟಿದ್ದಳು. ಅಕ್ಕ, ಭಾವ ಇರುವುದು ಚಿಕಾಗೋ ಪಕ್ಕದ ಅರೋರಾದಲ್ಲಿ. 2023ರ ಕ್ರಿಸ್‌ಮಸ್ ರಜೆಗೆ ಮಕ್ಕಳು ಮನೆಯಲ್ಲೇ ಇರುತ್ತಾರೆ ಅಂತ ಅಪ್ಪ, ಅವ್ವ, ನಾನು ಡಿಸೆಂಬರ್‌ನಲ್ಲಿ ಹೊರಟೆವು. ಸಂಕ್ರಾಂತಿ ಮುಗಿಸಿಕೊಂಡೇ ಬರುವುದು ಅಂತ ತೀರ್ಮಾನವಾಗಿತ್ತು. ಅಕ್ಕನ ಅತ್ತೆಯವರೂ ಮೈಸೂರಿನಿಂದ ಬಂದು ಅಲ್ಲೇ ಇದ್ದರು.

ಸೂಟ್‌ಕೇಸಿನಲ್ಲಿ ಅಚ್ಚು ಬೆಲ್ಲ, ಎಳ್ಳು, ಜೊತೆಗೆ ಅವ್ವನ ತವರಿನಿಂದ ಬಂದ ಮರದ ಸಕ್ಕರೆ ಅಚ್ಚುಗಳು. ಕಬ್ಬು ಮಾತ್ರ ಒಯ್ಯುವ ಹಾಗಿಲ್ಲ. ಹಸಿ ಹಣ್ಣು, ತರಕಾರಿ, ಕಬ್ಬಿನ ಜಲ್ಲೆ ಎಲ್ಲವನ್ನೂ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಕಬ್ಬಿನ ನಾಡಿನಿಂದ ಹೋಗಿ ಕಬ್ಬಿಲ್ಲದೆ ಸಂಕ್ರಾಂತಿ ಮಾಡುವುದು ಹೇಗೆ ಅಂತ ಅಪ್ಪನಿಗೆ ದಾರಿಯುದ್ದಕ್ಕೂ ಅದೇ ಯೋಚನೆ.

ಚಿಕಾಗೋದಲ್ಲಿ ಡಿಸೆಂಬರ್ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಊರಿನ ನಡುವೆ ಡೇಲಿ ಪ್ಲಾಜಾದಲ್ಲಿ ಜರ್ಮನ್ ಮಾದರಿಯ ಕ್ರಿಸ್‌ಮಸ್ ಸಂತೆ ನಡೆಯುತ್ತದೆ, ಮರದ ಪುಟ್ಟ ಮಳಿಗೆಗಳು, ಎಲ್ಲೆಲ್ಲೂ ದೀಪ. ಮಕ್ಕಳಿಗೆ ಅದು ಬಲು ಇಷ್ಟ. ಮಿಷಿಗನ್ ಸರೋವರ ನೋಡಿ ಅವ್ವ, ಇದು ಸಮುದ್ರವೇ ಅಂದಳು. ಆಚೆ ದಡ ಕಾಣುವುದೇ ಇಲ್ಲ. ತಿರುಗಾಟ ಚೆನ್ನಾಗಿಯೇ ಇತ್ತು, ಆದರೆ ನಾನು ಹೇಳಬೇಕೆಂದಿರುವುದು ಬೇರೆ.

ಕ್ರಿಸ್‌ಮಸ್ ಹಿಂದಿನ ಸಂಜೆ ಪಕ್ಕದ ಮನೆಯ ಮೆಕ್ಸಿಕೋ ಮೂಲದ ಅಜ್ಜಿ ಒಂದು ಪಾತ್ರೆ ತಂದುಕೊಟ್ಟರು. ಬಿಸಿಬಿಸಿ ಪೊಂಚೆ. ಸೀಬೆಹಣ್ಣು, ತೆಹೊಕೋತೆ ಎನ್ನುವ ಪುಟ್ಟ ಹಳದಿ ಹಣ್ಣು, ಚಕ್ಕೆ, ಒಣ ಹಣ್ಣುಗಳನ್ನು ಬೆಲ್ಲ ಹಾಕಿ ಕುದಿಸಿದ ಪಾನಕ ಅದು. ಅಪ್ಪ ಚಮಚ ಹಾಕಿದವರು ಹಾಗೇ ನಿಂತುಬಿಟ್ಟರು. ಬೆರಳುದ್ದದ ಕಬ್ಬಿನ ಸೀಳು ಮೇಲೆ ಬಂದಿತ್ತು! ಅಲ್ಲೇ ಬಾಯಿಗಿಟ್ಟು ಜಗಿದರು. "ಕಬ್ಬೇ ಕಣವ್ವ ಇದು, ಎಲ್ಲಿ ಸಿಕ್ತು ಕೇಳು" ಅಂತ ಅಕ್ಕನ ಬೆನ್ನು ಹತ್ತಿದರು.

ಆ ಅಜ್ಜಿಯಿಂದ ತಿಳಿದದ್ದು ಇಷ್ಟು. ಮೆಕ್ಸಿಕೋದವರು ಡಿಸೆಂಬರ್ 16ರಿಂದ 24ರವರೆಗೆ ಪೊಸಾದಾ ಮಾಡುತ್ತಾರೆ. ತುಂಬು ಬಸುರಿ ಮೇರಿಯೂ ಜೋಸೆಫನೂ ತಂಗಲು ಜಾಗ ಹುಡುಕಿ ಅಲೆದ ನೆನಪಿಗೆ ಮನೆ ಮನೆ ಬಾಗಿಲಿಗೆ ಹೋಗಿ ಹಾಡಿ, ಒಳಗೆ ಬರಲೇ ಅಂತ ಕೇಳುತ್ತಾರೆ. ಕೊನೆಗೆ ಒಂದು ಮನೆಯ ಬಾಗಿಲು ತೆರೆಯುತ್ತದೆ, ಎಲ್ಲರಿಗೂ ಪೊಂಚೆ ಸಿಗುತ್ತದೆ. ಮಕ್ಕಳು ಪಿನ್ಯಾತಾ ಎಂಬ ಬಣ್ಣದ ಮಡಕೆಯನ್ನು ಕೋಲಿನಿಂದ ಒಡೆಯುತ್ತಾರೆ. ಅದರೊಳಗೆ ಹಳೇ ಪದ್ಧತಿಯಂತೆ ತುಂಬುವುದು ಕಬ್ಬಿನ ಚೂರು, ಕಡಲೆಕಾಯಿ, ಕಿತ್ತಳೆ. ಅತ್ತೆಯವರ ಮುಖ ಅರಳಿತು. ಮೈಸೂರಿನಲ್ಲಿ ಅವರ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಎರೆಯುತ್ತಾರಲ್ವಾ? "ಇವರದೂ ಅದೇ, ನೋಡಿ!" ಅಂದರು.

ಮರುದಿನ ಎಲ್ಲ ಬಂದ್. ಅದರ ಮರುದಿನವೇ ಮೆಕ್ಸಿಕನ್ ಅಂಗಡಿಗೆ ಹೋದೆವು. ಮೂಲೆಯಲ್ಲಿ ಕಬ್ಬಿನ ತುಂಡುಗಳನ್ನು ಒಟ್ಟಿದ್ದರು. ಅಲ್ಲೇ ಮೇಲಿನ ಸಾಲಿನಲ್ಲಿ ಕಂದು ಬಣ್ಣದ, ಮೊನೆ ಮುರಿದ ಕೋನಿನಂಥ ಬೆಲ್ಲ. ಪಿಲೊನ್ಸಿಯೋ. ಕಬ್ಬಿನ ಹಾಲನ್ನು ಕುದಿಸಿ ಅಚ್ಚಿಗೆ ಹಾಕಿದ್ದು, ನಮ್ಮ ಬೆಲ್ಲದ ಹಾಗೆಯೇ. ಅಪ್ಪ ವರ್ಷಾನುಗಟ್ಟಲೆ ಆಲೆಮನೆಗೆ ಕಬ್ಬು ಹೊಡೆದವರು, ಅವರಿಗೆ ಬೆಲ್ಲ ನೋಡುವುದು ಗೊತ್ತು. ಮನೆಗೆ ತಂದು ಕುಟ್ಟಿ ಒಡೆದು, ಒಡೆದ ಜಾಗವನ್ನು ಬೆಳಕಿಗೆ ಹಿಡಿದರು. ಬೆರಳಲ್ಲಿ ಉಜ್ಜಿ ಹರಳು ನೋಡಿದರು. ಆಮೇಲೆ ನಾಲಿಗೆಗೆ. "ಒಳ್ಳೇ ಬೆಲ್ಲನೇ. ಪಾಕ ಒಂಚೂರು ಮುಂದಕ್ಕೆ ಹೋಗೈತೆ. ಆದ್ರೆ ಹೈಡ್ರೋಸ್ ಹಾಕಿಲ್ಲ, ಬಣ್ಣ ನೋಡು." ನಮ್ಮಲ್ಲಿ ಬೆಲ್ಲ ಬೆಳ್ಳಗೆ, ಹಳದಿಯಾಗಿ ಕಂಡರೆ ಮಾರುಕಟ್ಟೆಯಲ್ಲಿ ಬೇಗ ಹೋಗುತ್ತದೆ ಅಂತ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಕೊಪ್ಪರಿಗೆಯ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುತ್ತಿದ್ದ ಕಾಲದ ಬೆಲ್ಲವೇ ಬೆಲ್ಲ ಅಂತ ಅಪ್ಪ ಈಗಲೂ ವಾದ ಮಾಡುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಕಪ್ಪಗಿರುವ ಬೆಲ್ಲ ಕಂಡರೆ ಹಿಂಜರಿಯಬೇಡಿ.

ಜನವರಿಯಲ್ಲಿ ಎಳ್ಳಿನ ಕೆಲಸ ಶುರುವಾಯಿತು. ಊರಲ್ಲಾದರೆ ಹೆಚ್ಚಿದ ಬೆಲ್ಲ, ಕೊಬ್ಬರಿಯನ್ನು ತಾರಸಿ ಮೇಲೆ ಒಣಗಿಸುತ್ತೇವೆ. ಅಲ್ಲಿ ಬಿಸಿಲೆಲ್ಲಿ? ಆ ಮನೆಗಳಲ್ಲಿ ನೆಲದ ಮಟ್ಟದಲ್ಲಿ ಕಂಡಿಗಳಿರುತ್ತವೆ, ಅವುಗಳಿಂದ ಹೀಟರಿನ ಬಿಸಿ ಗಾಳಿ ಬರುತ್ತದೆ. ಅವ್ವ ತಟ್ಟೆಗಳನ್ನು ಅದರ ಪಕ್ಕ ಸಾಲಾಗಿ ಇಟ್ಟಳು. ಚಳಿಗಾಲದ ಮನೆಯೊಳಗಿನ ಗಾಳಿ ತುಂಬಾ ಒಣ, ತುಟಿ ಒಡೆಯುತ್ತದೆ. ಕೊಬ್ಬರಿಗೆ ಅದೇ ಅನುಕೂಲವಾಯಿತು, ಗರಿಗರಿ ಆಯಿತು.

ಸಕ್ಕರೆ ಅಚ್ಚು ನಿಜವಾದ ಕೆಲಸ. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಜೋಡಿ ಕೂಡಿಸಿ ದಾರ ಕಟ್ಟಬೇಕು. ಪಾಕ ಕುದಿಯುವಾಗ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಸೋಸಿ ತೆಗೆಯಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಪುಟ್ಟ ಬಾಣಲೆಗೆ ಹಾಕಿ ತಿರುವುವುದು. ಪಾಕ ಮಸುಕಾಗಿ, ಅಂಚಿನಲ್ಲಿ ಬೆಳ್ಳಗೆ ಕಟ್ಟಿಕೊಳ್ಳಲು ಶುರುವಾದ ಗಳಿಗೆಯಲ್ಲೇ ಅಚ್ಚಿಗೆ ಹೊಯ್ಯಬೇಕು. ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಗಟ್ಟಿ. ದಾರ ಬಿಚ್ಚಿ ಅಚ್ಚು ತೆಗೆದಾಗ ಹಂಸ, ಮೀನು, ತುಳಸಿಕಟ್ಟೆ. ಅಕ್ಕನ ದೊಡ್ಡ ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಹಬ್ಬ ಯಾವತ್ತು ಅಂತಲೂ ಚರ್ಚೆಯಾಯಿತು. 2024ರಲ್ಲಿ ನಮ್ಮಲ್ಲಿ ಸಂಕ್ರಾಂತಿ ಜನವರಿ 15ಕ್ಕೆ. ಸೂರ್ಯ ಮಕರ ರಾಶಿಗೆ ಬಂದದ್ದು 15ರ ಬೆಳಗಿನ ಜಾವ, ಮೂರಕ್ಕೆ ಸ್ವಲ್ಪ ಮೊದಲು. ಚಿಕಾಗೋ ಗಡಿಯಾರ ಹನ್ನೊಂದೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ 14ರ ಭಾನುವಾರ ಮಧ್ಯಾಹ್ನ. ಸೂರ್ಯ ದಾಟುವ ಹೊತ್ತಿಗೇ ಪೂಜೆ ಅಂದರು ಅತ್ತೆಯವರು. ಹಾಗೇ ಮಾಡಿದೆವು. ಹುಗ್ಗಿ, ಗೆಣಸು, ಇಂಡಿಯನ್ ಅಂಗಡಿಯ ಫ್ರೀಜರಿನ ಅವರೆಕಾಳು. ಚಿಕ್ಕವನಿಗೆ ಚೀನೀ ಅಂಗಡಿಯ ಒಣ ಎಲಚಿ ಹಣ್ಣು, ಕಬ್ಬಿನ ಚೂರು ಸೇರಿಸಿ ಎರೆದರು.

ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ನೆನಪಿನ ರಜೆ. ಆ ವರ್ಷ ಅದು 15ಕ್ಕೇ ಬಿತ್ತು. ಬೆಳಗ್ಗೆ ಏಳಕ್ಕೆ ಅಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಆದರೆ ಊರಲ್ಲಿ ಅದು ಕಿಚ್ಚು ಹಾಯಿಸುವ ಹೊತ್ತು. ಚಿಕ್ಕಪ್ಪ ವಿಡಿಯೋ ಕಾಲ್ ಮಾಡಿದರು. ಹುಲ್ಲಿಗೆ ಬೆಂಕಿ ಬಿದ್ದು, ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಹಾರಿದಾಗ ಅಪ್ಪ ಕುರ್ಚಿಯಿಂದ ಎದ್ದು "ಹೋಯ್! ಹೋಯ್!" ಅಂತ ಕೂಗಿದರು. ಮನೆಯವರೆಲ್ಲ ಎದ್ದು ಬಂದರು.

ಅಂಥ ಚಳಿಯಲ್ಲಿ ಎಳ್ಳು ಬೀರೋದು ಬೇಡ, ವಾರಾಂತ್ಯಕ್ಕೆ ಎಲ್ಲರನ್ನೂ ಮನೆಗೇ ಕರೆಯೋಣ ಅಂದರು ಭಾವ. ಅವ್ವ ಒಪ್ಪಲಿಲ್ಲ. ಅವಳು ಮಾಡಿದ್ದೇ ಸರಿ. ಹಬ್ಬಕ್ಕೆ ಕರೆದರೆ ಬರುವವರು ಬರುತ್ತಾರೆ. ನಾವೇ ಬಾಗಿಲಿಗೆ ಹೋದರೆ ಯಾರೂ ತಪ್ಪುವುದಿಲ್ಲ. ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಹಾಸನದ ಹುಡುಗಿಯೊಬ್ಬಳಿದ್ದಳು. ಕೈಗೂಸು ಇಟ್ಟುಕೊಂಡು ಒಬ್ಬಳೇ ಇದ್ದಳು. ರೇಷ್ಮೆ ಸೀರೆ ಮೇಲೆ ದಪ್ಪ ಕೋಟು ಹಾಕಿಕೊಂಡು ಅವ್ವ ತಟ್ಟೆ ಹಿಡಿದು ನಿಂತದ್ದನ್ನು ನೋಡಿ ಅವಳು ಮೊದಲು ಕಣ್ಣು ತುಂಬಿಕೊಂಡಳು, ಆಮೇಲೆ ಒಂದು ಗಂಟೆ ನಮ್ಮನ್ನು ಬಿಡಲೇ ಇಲ್ಲ. ಪಕ್ಕದ ಮನೆ ಅಜ್ಜಿಗೆ ಸಕ್ಕರೆ ಮೀನು, ಎಳ್ಳು, ಅವರೇ ದಾರಿ ತೋರಿಸಿದ ಕಬ್ಬು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನುವುದನ್ನು ಅಕ್ಕನ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮರುದಿನ ಚಿಕಾಗೋದ ಸರ್ಕಾರಿ ಶಾಲೆಗಳಿಗೂ ಚಳಿಯ ಕಾರಣಕ್ಕೆ ರಜೆ ಕೊಟ್ಟರು.

ಮರದ ಅಚ್ಚುಗಳನ್ನು ಅವ್ವ ಅಕ್ಕನ ಹತ್ತಿರವೇ ಬಿಟ್ಟು ಬಂದಳು. ಆ ಕಡೆ ಇರುವವರಿಗೆ ಒಂದು ಮಾತು: ಮೆಕ್ಸಿಕನ್ ಅಂಗಡಿಗಳಲ್ಲಿ ಕಬ್ಬು ಜಾಸ್ತಿ ಬರುವುದು ಕ್ರಿಸ್‌ಮಸ್ ಹೊತ್ತಿಗೆ. ಆಗಲೇ ಕೊಂಡು, ಸಿಪ್ಪೆ ತೆಗೆದು, ತುಂಡು ಮಾಡಿ ಫ್ರೀಜರಿನಲ್ಲಿ ಇಡಿ. ಒಂದು ಜಲ್ಲೆ ಮಾತ್ರ ಸಿಪ್ಪೆ ಸಮೇತ ಪೂಜೆಗೆ ಬಿಡಿ.